ಹಳೆಯ ಏರ್‌ಮೇಲ್ ಲಕೋಟೆಯನ್ನು ತಾಳೆ ನೋಡುವುದು ಹೇಗೆ?

ನನಗಾಗ ಹನ್ನೆರಡು ವರ್ಷ. ದಾವಣಗೆರೆ ಮಂಡಿಪೇಟೆಯಲ್ಲಿ ನಮ್ಮ ಸೋದರಮಾವನದೊಂದು ಹತ್ತಿ ವ್ಯಾಪಾರದ ಅಂಗಡಿ ಇತ್ತು. ಅಟ್ಟ ಗುಡಿಸುವಾಗ ತಂತಿಗೆ ಪೋಣಿಸಿದ ಹಳೆ ಕಾಗದಗಳ ಕಟ್ಟೊಂದು ಸಿಕ್ಕಿತು. ಮೇಲೆಲ್ಲ ರಾಜನ ಮುಖದ ಸ್ಟಾಂಪುಗಳು, ಕೆಲವಕ್ಕೆ ಏರ್‌ಮೇಲ್ ಎಂದು ಅಚ್ಚಾದ ನೀಲಿ ಚೀಟಿ. ಲಕೋಟೆಗಳನ್ನು ಬೋಗುಣಿಯ ನೀರಲ್ಲಿ ನೆನೆಸಿ, ಸ್ಟಾಂಪು ಬಿಡಿಸಿ, ಪೇಪರ್ ಮೇಲೆ ಒಣಹಾಕಿದೆ. ಉಳಿದ ಒದ್ದೆ ಲಕೋಟೆಗಳು ಸ್ನಾನದ ಹಂಡೆಯ ಒಲೆಗೆ ಹೋದವು. ಸಂಜೆ ಮಾವ ಕಿರ್ದಿ ಬರೆಯುತ್ತ ಕೂತಿದ್ದರು. ನನ್ನ ಸಾಧನೆ ನೋಡಿ ಬೈಯಲಿಲ್ಲ. "ಜಮಾ ಪುಟ ಇಟ್ಕಂಡು ಖರ್ಚಿನ ಪುಟ ಒಲೆಗೆ ಹಾಕ್ದಂಗಾತಲ್ಲೋ ಅಳಿಯಾ" ಎಂದರು, ಅಷ್ಟೇ.

ಆ ಮಾತಿನ ಅರ್ಥ ತಿಳಿಯಲು ನನಗೆ ಇಪ್ಪತ್ತು ವರ್ಷ ಬೇಕಾಯಿತು. ಬಿಡಿ ಸ್ಟಾಂಪು ಯಾವ ಆಲ್ಬಮ್ಮಿನಲ್ಲಾದರೂ ಸಿಗುತ್ತದೆ. ಲಕೋಟೆ ಹಾಗಲ್ಲ, ಅದು ಒಂದು ಲೆಕ್ಕದ ಹಾಳೆ. ಯಾವ ದಿನ ಹೊರಟಿತು, ಎಷ್ಟು ದುಡ್ಡು ಕೊಟ್ಟರು, ಯಾವ ದಾರಿ ಹಿಡಿಯಿತು, ಯಾವ ದಿನ ಮುಟ್ಟಿತು ಎಂಬುದೆಲ್ಲ ಅದರ ಮೈಮೇಲೇ ಇರುತ್ತದೆ. ಏರ್‌ಮೇಲ್ ಲಕೋಟೆ ಗುರುತಿಸುವುದೆಂದರೆ ತಾರೀಖು, ದುಡ್ಡು, ದಾರಿ ಈ ಮೂರನ್ನೂ ಒಂದಕ್ಕೊಂದು ತಾಳೆ ನೋಡುವುದು. ಮೂರೂ ಕೂಡಿದರೆ ಲಕೋಟೆ ನಿಜ. ಒಂದು ತಪ್ಪಿದರೆ ಎಲ್ಲೋ ಒಂದು ಕಥೆ ಇದೆ ಅಥವಾ ಮೋಸ ಇದೆ.

ಮೊದಲು: ಕೈ, ಬೆಳಕು, ಸಾಮಾನು

ಬೆಣ್ಣೆ ದೋಸೆ ತಿಂದ ಕೈಯಲ್ಲಿ ಲಕೋಟೆ ಮುಟ್ಟಬೇಡಿ. ತಮಾಷೆಗೆ ಹೇಳುತ್ತಿಲ್ಲ, ಜಿಡ್ಡಿನ ಕಲೆ ಕಾಗದದಿಂದ ಎಂದೂ ಹೋಗದು. ಕೈ ತೊಳೆದು ಪೂರ್ತಿ ಒರೆಸಿಕೊಳ್ಳಿ. ಬೇಕಾದ್ದು ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸುವ ಭೂತಗನ್ನಡಿ, ಚಪ್ಪಟೆ ತುದಿಯ ಚಿಮಟ, ಅಳತೆಪಟ್ಟಿ, ನೋಟು ಪರೀಕ್ಷಿಸುವ ಸಣ್ಣ ನೇರಳೆ ದೀಪ. ಮೊಬೈಲ್ ಕ್ಯಾಮೆರಾಗಿಂತ ಸಾಧಾರಣ ಸ್ಕ್ಯಾನರ್ ಮೇಲು, ಏಕೆಂದರೆ ಅಂಚೆ ಕಚೇರಿ ಒತ್ತಿದ, ಈಗ ಮಾಸಿದ ಠಸ್ಸೆಯನ್ನು ಕಂಪ್ಯೂಟರಿನಲ್ಲಿ ಕಪ್ಪು-ಬಿಳಿ ಗಾಢ ಮಾಡಿದರೆ ಕಣ್ಣಿಗೆ ಕಾಣದ ಅಕ್ಷರಗಳು ಎದ್ದು ಬರುತ್ತವೆ.

ತುಕ್ಕು ಹಿಡಿದ ಗುಂಡುಸೂಜಿ ಇದ್ದರೆ ಎಳೆಯಬೇಡಿ, ಕಾಗದವನ್ನೇ ಸೂಜಿಯಿಂದ ನಿಧಾನ ಜಾರಿಸಿ. ನಡುವೆ ತೂತಿದ್ದರೆ ಬೇಸರ ಬೇಡ. ನಮ್ಮ ಕಡೆಯ ಅಂಗಡಿಗಳಲ್ಲಿ ಬಂದ ಕಾಗದವನ್ನೆಲ್ಲ ಮೊನಚು ತಂತಿಗೆ ಚುಚ್ಚಿಡುವ ಪದ್ಧತಿ ಇತ್ತು. ತೂತು ಬೆಲೆ ಇಳಿಸುತ್ತದೆ, ನಿಜ. ಆದರೆ ಅದು ಸಂಗ್ರಾಹಕರಿಗಾಗಿ ಮಾಡಿಸಿದ್ದಲ್ಲ, ವ್ಯಾಪಾರದ ಕೆಲಸಕ್ಕೇ ಬಂದ ಕಾಗದ ಎಂಬುದಕ್ಕೂ ಅದೇ ಸಾಕ್ಷಿ.

ಹಂತ 1: ಲಕೋಟೆ ತಿರುಗಿಸಿ

ಎಲ್ಲರೂ ಮೊದಲು ಸ್ಟಾಂಪು ನೋಡುತ್ತಾರೆ. ನೀವು ಹಿಂಬದಿ ನೋಡಿ. ಆ ಕಾಲದಲ್ಲಿ ಇಲ್ಲಿನ ಅಂಚೆ ಕಚೇರಿಗಳು ಬಂದ ಕಾಗದದ ಹಿಂದೆ ಊರಿನ ಠಸ್ಸೆ ಒತ್ತುತ್ತಿದ್ದವು. ದಾರಿಯಲ್ಲಿ ಕೈ ಬದಲಾದ ಕಡೆಯೂ ಕೆಲವೊಮ್ಮೆ ಒಂದು ಬೀಳುತ್ತಿತ್ತು; ರೈಲು ಅಂಚೆ ವಿಭಾಗದ ಮುದ್ರೆಯಲ್ಲಿ ಆರ್‌ಎಂಎಸ್ ಎಂಬ ಮೂರು ಅಕ್ಷರ ಕಾಣುತ್ತವೆ. ಮುಂಬದಿಯ ಠಸ್ಸೆ ಕಾಗದ ಹೊರಟ ದಿನ ಹೇಳುತ್ತದೆ, ಹಿಂಬದಿಯದು ಮುಟ್ಟಿದ ದಿನ. ಎರಡರ ನಡುವಿನ ದಿನಗಳನ್ನು ಎಣಿಸಿ ಒಂದು ಚೀಟಿಯಲ್ಲಿ ಬರೆದಿಡಿ. ಮುಂದಿನ ಎಲ್ಲ ಹಂತಗಳಲ್ಲೂ ಈ ಸಂಖ್ಯೆ ಬೇಕಾಗುತ್ತದೆ.

ಊರ ಹೆಸರು ಓದುವಾಗ ಇಂದಿನ ಕಾಗುಣಿತ ಹುಡುಕಿದರೆ ಸಿಗದು. ದಾವಣಗೆರೆಯ ಇಂಗ್ಲಿಷ್ ಠಸ್ಸೆಯಲ್ಲಿ ನಡುವಿನ 'ಅ'ಕಾರವೇ ಇಲ್ಲ, ದಾವಣ್‌ಗೆರೆ ಎಂದಿರುತ್ತದೆ. ಚಿತ್ರದುರ್ಗ ಬ್ರಿಟಿಷರ ಬಾಯಲ್ಲಿ ಚಿತಲ್‌ಡ್ರೂಗ್ ಆಗಿತ್ತು. ವಿಳಾಸವನ್ನೂ ಓದಿ. ದಾವಣಗೆರೆ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. ಅದಕ್ಕೂ ಮುಂಚೆ ಚಿತ್ರದುರ್ಗ ಜಿಲ್ಲೆಗೆ ಸೇರಿತ್ತು. 1930ರ ದಶಕದ ಕಾಗದವೆಂದು ಕೊಟ್ಟ ಲಕೋಟೆಯಲ್ಲಿ 'ದಾವಣಗೆರೆ ಜಿಲ್ಲೆ' ಎಂದು ಕಂಡರೆ ಅಲ್ಲಿಗೇ ಕೈಬಿಡಿ. 577001 ಎಂಬ ಪಿನ್‌ಕೋಡ್ ಕಂಡರೂ ಅಷ್ಟೇ, ಪಿನ್‌ಕೋಡ್ ಬಂದದ್ದು 1972ರಲ್ಲಿ. ಹೊಸ ಲಕೋಟೆಗೆ ಹಳೆ ಸ್ಟಾಂಪು ಅಂಟಿಸುವವರು ಸ್ಟಾಂಪಿನ ಬಗ್ಗೆ ತುಂಬ ಓದಿಕೊಂಡಿರುತ್ತಾರೆ, ಭೂಗೋಳದ ಬಗ್ಗೆ ಅಷ್ಟು ಓದಿರುವುದಿಲ್ಲ.

ಇನ್ನೊಂದು ವಿಷಯ. ಮೈಸೂರು ಸಂಸ್ಥಾನಕ್ಕೆ ಸ್ವಂತ ಅಂಚೆ ಇತ್ತು. ಚಿಕ್ಕದೇವರಾಜ ಒಡೆಯರ ಕಾಲದಿಂದ ನಡೆದುಬಂದ ಆ ಮೈಸೂರು ಅಂಚೆ 1889ರಲ್ಲಿ ಬ್ರಿಟಿಷ್ ಭಾರತದ ಅಂಚೆಯೊಳಗೆ ಸೇರಿಹೋಯಿತು. ಹಾಗಾಗಿ ಸ್ವಾತಂತ್ರ್ಯಕ್ಕೆ ಮುಂಚೆ ನಮ್ಮ ಕಡೆಯಿಂದ ಹೊರಟ ಏರ್‌ಮೇಲ್ ಲಕೋಟೆಗಳ ಮೇಲೆಲ್ಲ ಬ್ರಿಟಿಷ್ ಭಾರತದ ಸ್ಟಾಂಪುಗಳೇ ಇರುತ್ತವೆ. ಮೈಸೂರಿನ ಗಂಡಭೇರುಂಡ ಇರುವ ಚೀಟಿ ತಂದು 'ಅಪರೂಪದ ಮೈಸೂರು ಅಂಚೆಚೀಟಿ' ಎನ್ನುವವರು ಪ್ರತಿ ವರ್ಷ ಒಬ್ಬರಾದರೂ ಸಿಗುತ್ತಾರೆ. ಅದು ಕೋರ್ಟ್ ಫೀ ಸ್ಟಾಂಪು. ಹಳೆ ಕ್ರಯಪತ್ರದಿಂದ ಕಿತ್ತದ್ದು.

ಹಂತ 2: ಸ್ಟಾಂಪಿನಿಂದ ಕಾಲ ಹಿಡಿಯಿರಿ

ಸ್ಟಾಂಪಿನ ಕೆಲಸ ಇಲ್ಲಿ ಒಂದೇ: ಇದಕ್ಕಿಂತ ಹಿಂದೆ ಈ ಲಕೋಟೆ ಇರಲು ಸಾಧ್ಯವಿಲ್ಲ ಎಂಬ ಗೆರೆ ಎಳೆಯುವುದು.

ಗಡ್ಡದ, ಬೋಳುತಲೆಯ ಬ್ರಿಟಿಷ್ ದೊರೆ ಏಳನೇ ಎಡ್ವರ್ಡ್ ಇದ್ದರೆ 1902ರಿಂದ 1911ರವರೆಗಿನ ಮುದ್ರಣ. ಕಿರೀಟ ತೊಟ್ಟ ಗಡ್ಡದ ಐದನೇ ಜಾರ್ಜ್ ಬಂದದ್ದು 1911ರ ಡಿಸೆಂಬರ್‌ನಲ್ಲಿ. ಗಡ್ಡವಿಲ್ಲದ ಆರನೇ ಜಾರ್ಜ್ ಇದ್ದರೆ 1937 ಅಥವಾ ಆಮೇಲೆ. ಮುಖದ ಮೇಲೆ ಇಷ್ಟು ಗೊತ್ತಿದ್ದರೆ ಅರ್ಧ ಕೆಲಸ ಆಯಿತು.

ವಿಮಾನದ ಅಂಚೆಗೆಂದೇ ಭಾರತ ಮೊದಲು ಸ್ಟಾಂಪು ಹೊರತಂದದ್ದು 1929ರ ಅಕ್ಟೋಬರ್‌ನಲ್ಲಿ. ಆರು ಬೆಲೆಗಳು: 2 ಆಣೆ ಹಸಿರು, 3 ಆಣೆ ನೀಲಿ, 4 ಆಣೆ ಆಲಿವ್ ಹಸಿರು, 6 ಆಣೆ ಮಣ್ಣು ಹಳದಿ, 8 ಆಣೆ ನೇರಳೆ, 12 ಆಣೆ ಗುಲಾಬಿಗೆಂಪು. ಎಲ್ಲದರಲ್ಲೂ ಐದನೇ ಜಾರ್ಜ್‌ನ ತಲೆ, ಪಕ್ಕದಲ್ಲಿ ಮೂರು ಎಂಜಿನ್ನಿನ ಡಿ ಹ್ಯಾವಿಲೆಂಡ್ ಹರ್ಕ್ಯುಲೀಸ್ ವಿಮಾನ. ಮುದ್ರಣ ನಾಸಿಕದ ಸೆಕ್ಯುರಿಟಿ ಪ್ರೆಸ್ಸಿನದು. ಆದರೆ ಏರ್‌ಮೇಲ್‌ಗೆ ಈ ಸ್ಟಾಂಪೇ ಬೇಕೆಂಬ ಕಟ್ಟುಪಾಡು ಇರಲಿಲ್ಲ. ಸಾಧಾರಣ ಸ್ಟಾಂಪು ಹಚ್ಚಿ ವಿಮಾನದಲ್ಲಿ ಹೋದ ಕಾಗದಗಳು ಎಷ್ಟೋ ಇವೆ. ವಿಮಾನದ ಚಿತ್ರ ಇಲ್ಲ ಎಂದು ಲಕೋಟೆ ಪಕ್ಕಕ್ಕಿಡಬೇಡಿ.

ಆರನೇ ಜಾರ್ಜ್ ಕಾಲದ 1937ರ ಮಾಲಿಕೆ ನನಗೆ ಅತಿ ಇಷ್ಟ. ಅಂಚೆ ಹೊತ್ತವರ ಮೆರವಣಿಗೆಯೇ ಅದರಲ್ಲಿದೆ. 2 ಆಣೆಯಲ್ಲಿ ಓಡುವ ಅಂಚೆಯಾಳು, ಎರಡೂವರೆ ಆಣೆಯಲ್ಲಿ ಎತ್ತಿನ ಗಾಡಿ, 3 ಆಣೆಯಲ್ಲಿ ಟಾಂಗಾ, ಮೂರೂವರೆಯಲ್ಲಿ ಒಂಟೆ, 4 ಆಣೆಯಲ್ಲಿ ರೈಲು, 6ರಲ್ಲಿ ಹಡಗು, 8ರಲ್ಲಿ ಲಾರಿ, 12ರಲ್ಲಿ ವಿಮಾನ. ಕೆಲವೇ ತಿಂಗಳಲ್ಲಿ ವಿಮಾನದಲ್ಲಿ ಇಂಗ್ಲೆಂಡಿಗೆ ಹೋಗುವ ಕಾಗದದ ದರ ಎರಡೂವರೆ ಆಣೆ ಆಯಿತು. ಹೀಗಾಗಿ ಎತ್ತಿನ ಗಾಡಿಯ ಸ್ಟಾಂಪು ಹಚ್ಚಿದ ಕಾಗದ ಆಕಾಶದಲ್ಲಿ ಹೋಗುತ್ತಿತ್ತು!

ನೀರಚ್ಚು, ಅಂದರೆ ಕಾಗದದೊಳಗೇ ಮೂಡಿಸಿದ ಗುರುತು, ನೋಡುವ ಆಸೆಗೆ ಬೀಳಬೇಡಿ. ಬಿಡಿ ಸ್ಟಾಂಪಿನಲ್ಲಿ ಅದು ಉಪಯೋಗ: ನಾಸಿಕದಲ್ಲಿ ಅಚ್ಚಾದ, 1926ರಿಂದ ಈಚಿನ ಐದನೇ ಜಾರ್ಜ್ ಸ್ಟಾಂಪುಗಳಲ್ಲಿ ಸಾಲುಸಾಲು ನಕ್ಷತ್ರ, ಅದಕ್ಕೂ ಹಿಂದೆ ಲಂಡನ್ನಿನಲ್ಲಿ ಅಚ್ಚಾದವುಗಳಲ್ಲಿ ಒಂದೇ ನಕ್ಷತ್ರ. ಲಕೋಟೆಗೆ ಅಂಟಿದ ಸ್ಟಾಂಪಿನಲ್ಲಿ ಅದು ಕಾಣುವುದಿಲ್ಲ. ಕಾಣಿಸಲು ಹೋದರೆ ಹಂಡೆ ಒಲೆಯ ನನ್ನ ಕಥೆ ನಿಮ್ಮದೂ ಆಗುತ್ತದೆ.

ಹಂತ 3: ದಾರಿ

ಇದು ಈ ವಿದ್ಯೆಯ ಹೂರಣ. ಯಾವ ವರ್ಷ ಯಾವ ವಿಮಾನ ಎಲ್ಲಿಂದ ಎಲ್ಲಿಗೆ ಹಾರುತ್ತಿತ್ತು ಎಂದು ಗೊತ್ತಿದ್ದರೆ ಠಸ್ಸೆಗಳು ತಾವೇ ಮಾತಾಡುತ್ತವೆ.

ಶುರು 1911ರ ಫೆಬ್ರುವರಿ 18ರಂದು, ಅಲಹಾಬಾದಿನಲ್ಲಿ. ಅಲ್ಲಿನ ವಸ್ತುಪ್ರದರ್ಶನದಿಂದ ಹೊರಟ ಅನ್ರಿ ಪೆಕೆ ಎಂಬ ಫ್ರೆಂಚ್ ಯುವಕ ಆರು ಸಾವಿರಕ್ಕೂ ಮಿಕ್ಕ ಕಾಗದಗಳನ್ನು ಯಮುನೆ ದಾಟಿಸಿ ನೈನಿಗೆ ತಲುಪಿಸಿದ. ದೂರ ಹತ್ತು ಕಿಲೋಮೀಟರಿನ ಆಸುಪಾಸು. ಜಗತ್ತಿನ ಮೊದಲ ಅಧಿಕೃತ ವಿಮಾನ ಅಂಚೆ ಅದು. ಠಸ್ಸೆ ದುಂಡಗೆ ದೊಡ್ಡದು, ನಡುವೆ ಬೆಟ್ಟಗಳ ಮೇಲೆ ಹಾರುವ ವಿಮಾನ. ಶಾಯಿ ಬಹುಪಾಲು ಕೆನ್ನೇರಳೆ, ಕಪ್ಪು ಬಲು ವಿರಳ. ಈಗ ಹಂತ 2 ನೆನಪಿಸಿಕೊಳ್ಳಿ: ಐದನೇ ಜಾರ್ಜ್‌ನ ಸ್ಟಾಂಪು ಬಂದದ್ದು ಅದೇ ವರ್ಷದ ಡಿಸೆಂಬರ್‌ನಲ್ಲಿ. ಫೆಬ್ರುವರಿಯ ಠಸ್ಸೆ ಐದನೇ ಜಾರ್ಜ್‌ನ ಮುಖದ ಮೇಲೆ ಬಿದ್ದಿದ್ದರೆ ಅದು ಮೋಸ, ಬೇರೆ ವಿಚಾರಣೆಯೇ ಬೇಡ. ನಮ್ಮೂರಲ್ಲಿ ಇಂಥದ್ದು ಸಿಗುವುದು ಹತ್ತಿ ಹೊಲದಲ್ಲಿ ಮುತ್ತು ಸಿಕ್ಕಹಾಗೆ. ಆದರೂ ಮಾರಲು ಬರುವವರು ಮೊದಲು ತೋರಿಸುವುದು ಇದನ್ನೇ.

ನಿಯಮಿತ ಸೇವೆ ಬಂದದ್ದು 1929ರ ಮಾರ್ಚ್ 30ರಂದು. ಇಂಪೀರಿಯಲ್ ಏರ್‌ವೇಸ್ ಎಂಬ ಬ್ರಿಟಿಷ್ ವಿಮಾನ ಕಂಪನಿ ಲಂಡನ್ನಿನ ಕ್ರಾಯ್ಡನ್‌ನಿಂದ ಕರಾಚಿಗೆ ವಾರಕ್ಕೊಮ್ಮೆ ಹಾರಲು ಶುರುಮಾಡಿತು. ದಾರಿ ಮಾತ್ರ ಪೂರ್ತಿ ಆಕಾಶದ್ದಲ್ಲ. ಸ್ವಿಟ್ಜರ್ಲೆಂಡಿನ ಬಾಸೆಲ್‌ವರೆಗೆ ವಿಮಾನ, ಅಲ್ಲಿಂದ ಜಿನೋವಾಕ್ಕೆ ರೈಲು, ಅಲ್ಲಿಂದ ಅಲೆಕ್ಸಾಂಡ್ರಿಯಾಕ್ಕೆ ನೀರಮೇಲೆ ಇಳಿಯುವ ವಿಮಾನ, ಕೊನೆಗೆ ಈಜಿಪ್ಟಿನಿಂದ ಕರಾಚಿಗೆ ಅದೇ ಹರ್ಕ್ಯುಲೀಸ್. ಒಟ್ಟು ಏಳು ದಿನ. ಆ ವರ್ಷದ ಕೊನೆಗೆ ಸೇವೆ ದೆಹಲಿಯವರೆಗೆ ಬಂತು, 1933ರಲ್ಲಿ ಕಲ್ಕತ್ತಕ್ಕೆ.

ನಮಗೆ ಹತ್ತಿರದ ಅಧ್ಯಾಯ 1932ರ ಅಕ್ಟೋಬರ್ 15. ಜೆ.ಆರ್.ಡಿ. ಟಾಟಾ ಕರಾಚಿಯಲ್ಲಿ ಪುಸ್ ಮಾತ್ ಎಂಬ ಪುಟ್ಟ ವಿಮಾನ ಹತ್ತಿದರು. ಇಂಪೀರಿಯಲ್ ಏರ್‌ವೇಸ್ ತಂದ ಅಂಚೆಯನ್ನು ಹೊತ್ತು ಅಹಮದಾಬಾದಿನಲ್ಲಿ ಇಳಿದು ಪೆಟ್ರೋಲು ತುಂಬಿಸಿಕೊಂಡರು. ಅಲ್ಲಿಗೆ ಪೆಟ್ರೋಲು ಬಂದದ್ದು ಎತ್ತಿನ ಗಾಡಿಯಲ್ಲಿ. ಅಲ್ಲಿಂದ ಬೊಂಬಾಯಿಯ ಜುಹು. ಮುಂದೆ ಅವರ ಜೊತೆಗಾರ ನೆವಿಲ್ ವಿನ್ಸೆಂಟ್ ಚುಕ್ಕಾಣಿ ಹಿಡಿದು ಬಳ್ಳಾರಿ ಮುಟ್ಟಿ, ರಾತ್ರಿ ತಂಗಿ, ಮರುದಿನ ಮದರಾಸಿಗೆ ಇಳಿದರು. ಬಳ್ಳಾರಿ! ಚಿತ್ರದುರ್ಗದಿಂದ ಚಳ್ಳಕೆರೆ ದಾಟಿ ನೆಟ್ಟಗೆ ಹೋದರೆ ನೂರಮೂವತ್ತು ಕಿಲೋಮೀಟರಿನ ಆಸುಪಾಸು. ಆಗ ಅದು ಮದರಾಸು ಪ್ರಾಂತ್ಯದ ಊರು, ಮೈಸೂರಿನ ಜೊತೆ ಸೇರಿದ್ದು 1953ರಲ್ಲಿ. ಹೀಗೆ ಕೋಟೆ ಬಂಡೆಗಳ ಈ ಸೀಮೆಗೆ ಹತ್ತಿರದ ಏರ್‌ಮೇಲ್ ನಿಲ್ದಾಣ ಬೆಂಗಳೂರಾಗಿರಲಿಲ್ಲ, ಬಳ್ಳಾರಿಯಾಗಿತ್ತು. ಬಳ್ಳಾರಿಯ ಠಸ್ಸೆ ಬಿದ್ದ 1932–33ರ ಏರ್‌ಮೇಲ್ ಲಕೋಟೆ ನಿಮ್ಮ ಅಟ್ಟದಲ್ಲಿ ಸಿಕ್ಕರೆ, ಗುಜರಿಯವನಿಗೆ ಕಿಲೋ ಲೆಕ್ಕದಲ್ಲಿ ತೂಗುವ ಮುನ್ನ ಇನ್ನೊಮ್ಮೆ ನೋಡಿ.

ಆದರೆ ದಾವಣಗೆರೆಗೆ ಬರುವ ಕಾಗದಕ್ಕೆ ಬಳ್ಳಾರಿಯೇ ದಾರಿ ಎಂದುಕೊಳ್ಳಬೇಡಿ. ಬೊಂಬಾಯಿಯಲ್ಲಿ ಇಳಿಸಿ ಪುಣೆ–ಹುಬ್ಬಳ್ಳಿ–ಹರಿಹರದ ರೈಲಿಗೆ ಹಾಕಿದರೂ ಕಾಗದ ಬರುತ್ತದೆ. ಯಾವುದು ನಿಜ ಎಂದು ಹೇಳಬೇಕಾದದ್ದು ಹಿಂಬದಿಯ ಠಸ್ಸೆ, ನಮ್ಮ ಅಭಿಮಾನ ಅಲ್ಲ.

ಆಮೇಲಿನದನ್ನು ಬೇಗ ಹೇಳುತ್ತೇನೆ. ಟಾಟಾ ವಿಮಾನಗಳು 1935ರಲ್ಲಿ ಗೋವಾ, ಕಣ್ಣಾನೂರಿನ ಮೇಲೆ ತಿರುವನಂತಪುರಕ್ಕೂ 1937ರಲ್ಲಿ ದೆಹಲಿಗೂ ಹೋದವು. ಪಶ್ಚಿಮಕ್ಕೆ ಕಾಗದ ಕಳಿಸುವವರಿಗೆ ಇಂಪೀರಿಯಲ್ ಒಂದೇ ಗತಿಯಾಗಿರಲಿಲ್ಲ. ಡಚ್ಚರ ಮತ್ತು ಫ್ರೆಂಚರ ವಿಮಾನಗಳೂ ಭಾರತದ ಮೇಲೆ ಹಾದುಹೋಗುತ್ತಿದ್ದವು. ಲಕೋಟೆಯ ಎಡಮೂಲೆಯಲ್ಲಿ 'ಡಚ್ ಏರ್‌ಮೇಲ್' ಎಂದು ಕೈಬರಹ ಇದ್ದರೆ ಅದು ಕಳಿಸಿದವರ ಆಯ್ಕೆ. 1939ರ ಸೆಪ್ಟೆಂಬರಿನಲ್ಲಿ ಯುದ್ಧ ಬಂತು, ಸೆನ್ಸಾರ್ ಚೀಟಿಗಳೂ ಮುದ್ರೆಗಳೂ ಬಂದವು. 1940ರ ಜೂನ್‌ನಲ್ಲಿ ಇಟಲಿ ಯುದ್ಧಕ್ಕೆ ಇಳಿದಮೇಲೆ ಮೆಡಿಟರೇನಿಯನ್ ದಾರಿ ಮುಚ್ಚಿ, ವಿಮಾನಗಳು ದಕ್ಷಿಣ ಆಫ್ರಿಕದ ಡರ್ಬನ್‌ನಿಂದ ಈಜಿಪ್ಟ್, ಭಾರತ ಬಳಸಿಕೊಂಡು ಆಸ್ಟ್ರೇಲಿಯಕ್ಕೆ ಕುದುರೆಲಾಳದ ಆಕಾರದಲ್ಲಿ ಹಾರತೊಡಗಿದವು. ಆ ಕಾಲದ ಲಕೋಟೆ ಎರಡು ತಿಂಗಳು ತಡವಾಗಿದ್ದರೆ ಅಂಚೆಯವರನ್ನು ದೂರಬೇಡಿ.

ಹಂತ 4: ದುಡ್ಡು

12 ಪೈಗೆ ಒಂದು ಆಣೆ, 16 ಆಣೆಗೆ ಒಂದು ರೂಪಾಯಿ. ನಯಾ ಪೈಸೆ ಬಂದದ್ದು 1957ರ ಏಪ್ರಿಲ್ 1ರಂದು. ತೂಕ ದೇಶದೊಳಗೆ ತೊಲದಲ್ಲಿ, ವಿದೇಶಕ್ಕೆ ಔನ್ಸಿನಲ್ಲಿ. ತೊಲ ಎಂದರೆ ಹನ್ನೊಂದೂ ಮುಕ್ಕಾಲು ಗ್ರಾಮಿಗೆ ಸ್ವಲ್ಪ ಕಡಿಮೆ, ಅರ್ಧ ಔನ್ಸ್ ಎಂದರೆ ಹದಿನಾಲ್ಕು ಗ್ರಾಂ.

ಶುರುವಿನ ವರ್ಷಗಳಲ್ಲಿ ಲೆಕ್ಕ ಎರಡು ಭಾಗದ್ದು: ಸಾಧಾರಣ ಅಂಚೆ ದರ, ಅದರ ಮೇಲೆ ವಿಮಾನದ ಹೆಚ್ಚುವರಿ ಶುಲ್ಕ. ಹಚ್ಚಿದ ಸ್ಟಾಂಪುಗಳನ್ನೆಲ್ಲ ಕೂಡಿ, ಆ ವರ್ಷದ ಅಂಚೆ ದರಪಟ್ಟಿಯೊಂದಿಗೆ ಹೋಲಿಸಿ. ಮೊತ್ತ ವಿಚಿತ್ರವಾಗಿದ್ದರೆ ಎರಡರಷ್ಟು ತೂಕ ಇರಬಹುದೇ, ರಿಜಿಸ್ಟರ್ ಮಾಡಿದ್ದೇ ಎಂದು ನೋಡಿ. ದುಡ್ಡು ಸಾಲದೆ ಹೋಗಿದ್ದರೆ 'ಟಿ' ಅಕ್ಷರದ ಠಸ್ಸೆಯೂ, ಪಡೆದವರಿಂದ ವಸೂಲಿ ಮಾಡಬೇಕಾದ ಮೊತ್ತವೂ ಇರುತ್ತದೆ. ಅಗತ್ಯಕ್ಕಿಂತ ತುಂಬ ಹೆಚ್ಚು ಸ್ಟಾಂಪು, ಮಾಲಿಕೆಯ ಆರೂ ಬೆಲೆ ಸಾಲಾಗಿ, ಠಸ್ಸೆ ಅಂದವಾಗಿ ಮೂಲೆಗೆ ಮಾತ್ರ, ಪಡೆದವರು ಕಲ್ಕತ್ತದ ಅಥವಾ ಲಂಡನ್ನಿನ ವ್ಯಾಪಾರಿ ಎಂದಿದ್ದರೆ ಅದು ಸಂಗ್ರಹಕ್ಕೆಂದೇ ಮಾಡಿಸಿದ ಲಕೋಟೆ. ಅದರಲ್ಲಿ ಮೋಸವಿಲ್ಲ. ಕಲ್ಕತ್ತದ ಸ್ಟೀಫನ್ ಸ್ಮಿತ್ 1934ರಿಂದ ರಾಕೆಟ್ಟಿನಲ್ಲೇ ಕಾಗದ ಹಾರಿಸಿ ನೋಡಿದವರು, ಅವರ ನೆನಪಿಗೆ 1992ರಲ್ಲಿ ಸ್ಟಾಂಪು ಬಂದಿದೆ. ಅಂಥವರು ಇಲ್ಲದಿದ್ದರೆ ಎಷ್ಟೋ ಮೊದಲ ಹಾರಾಟಗಳ ಗುರುತೇ ಉಳಿಯುತ್ತಿರಲಿಲ್ಲ. ಆದರೂ ನನಗೆ ಕೇಳಿದರೆ, ಬಣ್ಣಬಣ್ಣದ ಅಂಥ ಹತ್ತು ಲಕೋಟೆಗಿಂತ ಹತ್ತಿ ದರ ಕೇಳಿ ಬಂದ, ತಂತಿ ಚುಚ್ಚಿದ ಒಂದು ಕೊಳಕು ಲಕೋಟೆಯೇ ಮೇಲು.

ದುಡ್ಡಿನ ಲೆಕ್ಕದಲ್ಲಿ ಒಂದು ದೊಡ್ಡ ತಿರುವಿದೆ. 1938ರ ಫೆಬ್ರುವರಿಯಲ್ಲಿ 'ಎಂಪೈರ್ ಏರ್ ಮೇಲ್' ಯೋಜನೆ ಭಾರತಕ್ಕೂ ಬಂತು. ಬ್ರಿಟಿಷ್ ಸಾಮ್ರಾಜ್ಯದೊಳಗೆ ಈ ಯೋಜನೆಗೆ ಸೇರಿದ ನಾಡುಗಳ ಕಾಗದಗಳೆಲ್ಲ ಹೆಚ್ಚುವರಿ ಶುಲ್ಕವಿಲ್ಲದೆ ವಿಮಾನದಲ್ಲೇ ಹೋಗತೊಡಗಿದವು. ಅರ್ಧ ಔನ್ಸಿಗೆ ಇಂಗ್ಲೆಂಡಿನಿಂದ ಒಂದೂವರೆ ಪೆನ್ನಿ, ಭಾರತದಿಂದ ಎರಡೂವರೆ ಆಣೆ. ಎಲ್ಲವೂ ವಿಮಾನದಲ್ಲೇ ಹೋಗುವಾಗ ನೀಲಿ ಚೀಟಿ ಹಚ್ಚುವ ಅಗತ್ಯವೂ ಇರಲಿಲ್ಲ. ಯುದ್ಧ ಬಂದ ಕೂಡಲೇ ಯೋಜನೆ ನಿಂತಿತು. ಸ್ವಾತಂತ್ರ್ಯದ ನಂತರ ದೇಶದೊಳಗೂ ಹೀಗೇ ಆಯಿತು. 1949ರ ಏಪ್ರಿಲ್‌ನಿಂದ ಸಾಧಾರಣ ಕಾಗದವೂ ಬೇರೆ ದುಡ್ಡಿಲ್ಲದೆ ವಿಮಾನ ಹತ್ತಿತು. ಅಂದರೆ, ಏರ್‌ಮೇಲ್ ಎಂದು ಬರೆಯದ ಎಷ್ಟೋ ಲಕೋಟೆಗಳು ಏರ್‌ಮೇಲೇ.

ಒಂದು ಉದಾಹರಣೆ

ಗುಜರಿಯಲ್ಲಿ ನಾನು ಉಳಿಸಿಕೊಂಡ ಒಂದು ಲಕೋಟೆ ನನ್ನ ಮೇಜಿನ ಮೇಲಿದೆ. ಬಿಳಿ ಕಾಗದ ಹಳದಿಯಾಗಿದೆ, ನಡುವೆ ತಂತಿಯ ತೂತು. ಸ್ಟಾಂಪು ಇಂಗ್ಲೆಂಡಿನದು, ಆರನೇ ಜಾರ್ಜ್, ಒಂದೂವರೆ ಪೆನ್ನಿ, ಕೆಂಗಂದು. ಠಸ್ಸೆ ಲಿವರ್‌ಪೂಲ್, 12 ಏಪ್ರಿಲ್ 1938. ನೀಲಿ ಚೀಟಿ ಇಲ್ಲ, 'ಏರ್‌ಮೇಲ್' ಎಂಬ ಬರಹವೂ ಇಲ್ಲ. ವಿಳಾಸ: ಮಂಡಿಪೇಟೆ, ದಾವಣ್‌ಗೆರೆ, ಚಿತಲ್‌ಡ್ರೂಗ್ ಜಿಲ್ಲೆ, ಮೈಸೂರು ಸಂಸ್ಥಾನ.

ಸ್ಟಾಂಪಿನಿಂದ ಶುರುಮಾಡೋಣ. ಆ ಬಣ್ಣದ ಒಂದೂವರೆ ಪೆನ್ನಿ 1937ರಲ್ಲಿ ಬಂದದ್ದು, ಹಾಗಾಗಿ ಕಾಲ ಕೂಡಿತು. ವಿಳಾಸದಲ್ಲಿ ಚಿತ್ರದುರ್ಗ ಜಿಲ್ಲೆ, ಅದೂ ಸರಿ. ದುಡ್ಡು? ಇಲ್ಲಿದೆ ಗಂಟು. ಸಾಮ್ರಾಜ್ಯದೊಳಗೆ ಹಡಗಿನಲ್ಲಿ ಹೋಗುವ ಕಾಗದಕ್ಕೂ ಮೊದಲಿನಿಂದ ಒಂದೂವರೆ ಪೆನ್ನಿಯೇ ಇತ್ತು. ಸ್ಟಾಂಪು, ದರ ಎರಡನ್ನೇ ನೋಡಿದರೆ ಇದು ಹಡಗಿನದೋ ವಿಮಾನದ್ದೋ ಬ್ರಹ್ಮನಿಗೂ ಗೊತ್ತಾಗದು.

ತಿರುಗಿಸಿದರೆ ದಾವಣಗೆರೆಯ ಠಸ್ಸೆ: 19 ಏಪ್ರಿಲ್. ಏಳು ದಿನ. ಹಡಗಿನ ಅಂಚೆಗೆ ಬೊಂಬಾಯಿ ಮುಟ್ಟಲೇ ಎರಡು ವಾರದ ಹತ್ತಿರ ಬೇಕಿತ್ತು. ಏಳು ದಿನದಲ್ಲಿ ಲಿವರ್‌ಪೂಲಿನಿಂದ ಮಂಡಿಪೇಟೆಗೆ ಬಂದ ಕಾಗದ ವಿಮಾನದಲ್ಲಲ್ಲದೆ ಬೇರೆ ಹೇಗೂ ಬರಲಾರದು. ಯೋಜನೆ ಬಂದ ಫೆಬ್ರುವರಿಯ ನಂತರದ ತಾರೀಖು ಇರುವುದರಿಂದ ನೀಲಿ ಚೀಟಿ ಇಲ್ಲದ್ದೂ ಸಹಜ. ಸ್ಟಾಂಪನ್ನು ನೀರಲ್ಲಿ ಬಿಡಿಸಿದ್ದರೆ ಕೈಯಲ್ಲಿ ಉಳಿಯುತ್ತಿದ್ದದ್ದು ಎಲ್ಲೆಡೆ ಸಿಗುವ ಒಂದು ಕಂದು ಚೀಟಿ, ಅಷ್ಟೇ.

ಗಮನಿಸಿ: ನಮ್ಮ ಅಟ್ಟಗಳಲ್ಲಿ ಸಿಗುವುದು ಹೊರಗಿನಿಂದ ಬಂದ ಕಾಗದ. ಇಲ್ಲಿಂದ ಹೋದದ್ದು ಲಿವರ್‌ಪೂಲಿನ ಅಟ್ಟದಲ್ಲಿರುತ್ತದೆ. 'ದಾವಣಗೆರೆಯಿಂದ ಲಂಡನ್ನಿಗೆ ಹೋದ ಮೊದಲ ಹಾರಾಟದ ಲಕೋಟೆ, ಇಲ್ಲೇ ಮನೆಯೊಂದರಲ್ಲಿ ಸಿಕ್ಕಿತು' ಎಂದು ಯಾರಾದರೂ ಹೇಳಿದರೆ, ಹೋದದ್ದು ಯಾವಾಗ ವಾಪಸ್ ಬಂತು ಸ್ವಾಮಿ ಎಂದು ಕೇಳಿ. ಜೊತೆಗೆ, ಇಂಗ್ಲೆಂಡಿನಲ್ಲಿ ಸಾಧಾರಣ ಕಾಗದದ ಹಿಂದೆ ಠಸ್ಸೆ ಹಾಕುವ ರೂಢಿ ಕಡಿಮೆ. ಹೊರಹೋದ ಲಕೋಟೆಯ ಹಿಂಬದಿ ಖಾಲಿ ಇದ್ದರೆ ಅದೇ ದೋಷವಲ್ಲ.

ಹಂತ 5: ಚೀಟಿ, ಗೆರೆ, ನೀರಿನ ಕಲೆ

ನೀಲಿ ಏರ್‌ಮೇಲ್ ಚೀಟಿಯಲ್ಲಿ ಇಂಗ್ಲಿಷಿನ ಜೊತೆ 'ಪಾರ್ ಅವಿಯೊಂ' ಎಂಬ ಫ್ರೆಂಚ್ ಪದವೂ ಇರುತ್ತದೆ, ಅಂಚೆಯ ಅಂತಾರಾಷ್ಟ್ರೀಯ ಭಾಷೆ ಫ್ರೆಂಚ್ ಆದ್ದರಿಂದ. ಆ ಚೀಟಿಯ ಮೇಲೆ ಎರಡು ದಪ್ಪ ಗೆರೆ ಎಳೆದಿದ್ದರೆ ಯಾರೋ ಮಗು ಗೀಚಿದ್ದೆಂದು ತಿಳಿಯಬೇಡಿ. 'ವಿಮಾನದ ಪ್ರಯಾಣ ಇಲ್ಲಿಗೆ ಮುಗಿಯಿತು, ಮುಂದೆ ರೈಲು ಅಥವಾ ಹಡಗು' ಎಂದು ಅಂಚೆಯವರೇ ಚೀಟಿಯನ್ನು ರದ್ದು ಮಾಡಿದ ಗುರುತು ಅದು. ಗೆರೆಯ ಪಕ್ಕದ ಠಸ್ಸೆ ಓದಿದರೆ ಎಲ್ಲಿ ಇಳಿಸಿದರೆಂದು ತಿಳಿಯುತ್ತದೆ.

ಸ್ಟಾಂಪೇ ಇಲ್ಲದ, ಶಾಯಿ ಹರಡಿದ ಲಕೋಟೆ ಸಿಕ್ಕರೆ? 1935ರ ಡಿಸೆಂಬರ್ 31ರ ರಾತ್ರಿ ಇಂಪೀರಿಯಲ್ ಏರ್‌ವೇಸಿನ 'ಸಿಟಿ ಆಫ್ ಖಾರ್ಟೂಮ್' ಅಲೆಕ್ಸಾಂಡ್ರಿಯಾ ಬಂದರಿನ ಹೊರಗೆ ಸಮುದ್ರಕ್ಕೆ ಬಿದ್ದು ಹನ್ನೆರಡು ಜನ ಸತ್ತರು. 1938ರ ನವೆಂಬರ್‌ನಲ್ಲಿ ಕ್ರಿಸ್‌ಮಸ್ ಅಂಚೆ ತರುತ್ತಿದ್ದ 'ಕ್ಯಾಲ್‌ಪರ್ನಿಯಾ' ಇರಾಕಿನ ಹಬ್ಬಾನಿಯಾ ಸರೋವರದಲ್ಲಿ ಮುರಿದುಬಿತ್ತು. ನೀರಿನಿಂದ ಎತ್ತಿದ ಚೀಲಗಳ ಕಾಗದ ಒಣಗಿಸಿ, ಹಾಳಾದ ಕಾರಣದ ಮುದ್ರೆಯೊತ್ತಿ, ಸಾಧ್ಯವಾದಷ್ಟನ್ನು ವಿಳಾಸದಾರರಿಗೆ ಮುಟ್ಟಿಸುವುದು ಅಂಚೆಯವರ ಕ್ರಮ. ಹರಿದ, ಸ್ಟಾಂಪು ಕಳಚಿದ ಇಂಥ ಲಕೋಟೆಗಾಗಿ ಹರಾಜಿನಲ್ಲಿ ಜಗಳವೇ ನಡೆಯುತ್ತದೆ. ನೀರಿನ ಕಲೆಯೊಂದೇ ಸಾಲದು, ಮುದ್ರೆ ಇರಬೇಕು. ಇಲ್ಲದಿದ್ದರೆ ಅದು ನಮ್ಮ ಸೂರು ಸೋರಿದ ಕಲೆ.

ಹಂತ 6: ಮೋಸ

ನೇರಳೆ ದೀಪ ಹಚ್ಚಿ, ಕತ್ತಲಲ್ಲಿ ಲಕೋಟೆ ನೋಡಿ. ಕಾಗದ ನೀಲಿಬಿಳುಪಾಗಿ ಥಳಥಳಿಸಿದರೆ ಅದರಲ್ಲಿ ಬಿಳುಪಿನ ರಾಸಾಯನಿಕ ಇದೆ. ಅದು ಕಾಗದಕ್ಕೆ ವ್ಯಾಪಕವಾಗಿ ಬಂದದ್ದು 1950ರ ನಂತರ. 1932ರ ಲಕೋಟೆ ಮಂಕಾಗಿ ಕಾಣಬೇಕು. ಇನ್ನು ಠಸ್ಸೆ ಸ್ಟಾಂಪಿನಿಂದ ಲಕೋಟೆಗೆ ಹರಿದುಹೋಗುವ ಜಾಗದಲ್ಲಿ ಭೂತಗನ್ನಡಿ ಇಡಿ. ವೃತ್ತದ ಗೆರೆ ಮುರಿಯದೆ, ಅದೇ ಶಾಯಿಯಲ್ಲಿ ಮುಂದುವರಿಯಬೇಕು. ಅಲ್ಲಿ ಸಣ್ಣ ಮೆಟ್ಟಿಲು ಕಂಡರೆ ಬೇರೆಡೆಯ ಸ್ಟಾಂಪು ತಂದು ಅಂಟಿಸಿದ್ದಾರೆ.

ಮೋಸವಲ್ಲದ ಗೊಂದಲವೂ ಇದೆ. ಅಲಹಾಬಾದ್ ಹಾರಾಟದ ಸುವರ್ಣ ವರ್ಷಕ್ಕೆ 1961ರಲ್ಲೂ, ಶತಮಾನಕ್ಕೆ 2011ರಲ್ಲೂ ಸ್ಟಾಂಪು, ವಿಶೇಷ ಲಕೋಟೆ ಬಂದವು. 1982ರ ಅಕ್ಟೋಬರ್ 15ರಂದು ಟಾಟಾ ತಮ್ಮ ಎಪ್ಪತ್ತೆಂಟನೇ ವಯಸ್ಸಿನಲ್ಲಿ ಕರಾಚಿ–ಬೊಂಬಾಯಿ ದಾರಿಯನ್ನು ಮತ್ತೊಮ್ಮೆ ಹಾರಿದರು, ಆಗಲೂ ಸ್ಟಾಂಪು ಬಂತು. ಈ ಲಕೋಟೆಗಳ ಮೇಲೂ ಹಳೆ ವಿಮಾನದ ಚಿತ್ರ, ಹಳೆ ತಾರೀಖು ಇರುತ್ತವೆ. ವರ್ಷದ ಕೊನೆಯ ಎರಡಂಕಿ ಓದದವರು 82ನ್ನು 32 ಎಂದು ಕೊಳ್ಳುತ್ತಾರೆ. ನಾನೂ ಒಮ್ಮೆ ಕೊಂಡಿದ್ದೇನೆ. ಕನ್ನಡಕ ಹಾಕಿಕೊಂಡಿರಲಿಲ್ಲ.

ಹಂತ 7: ಬರೆದಿಡಿ, ಎತ್ತಿಡಿ

ಪ್ರತಿ ಲಕೋಟೆಗೂ ಒಂದು ಬೇರೆ ಚೀಟಿ ಮಾಡಿ. ಮೇಲಿನದ್ದಕ್ಕೆ ನಾನು ಬರೆದದ್ದು ಹೀಗೆ: 'ಲಿವರ್‌ಪೂಲ್ 12-4-1938ರಿಂದ ದಾವಣಗೆರೆ 19-4-1938. ಎಂಪೈರ್ ಏರ್ ಮೇಲ್ ದರ ಒಂದೂವರೆ ಪೆನ್ನಿ. ಚೀಟಿ ಇಲ್ಲ. ವ್ಯಾಪಾರದ ಕಾಗದ, ತಂತಿ ತೂತು. ಮಂಡಿಪೇಟೆ ಗುಜರಿಯಲ್ಲಿ ಸಿಕ್ಕಿದ್ದು.' ಎಲ್ಲಿ ಸಿಕ್ಕಿತು ಎಂಬ ಕೊನೆಯ ಮಾತನ್ನು ಬಿಡಬೇಡಿ. ಲಕೋಟೆಯ ಮೇಲೇ ಪೆನ್ನಿನಲ್ಲಿ ಏನೂ ಬರೆಯಬೇಡಿ. ಒಳಗೆ ಕಾಗದ ಇದ್ದರೆ ಜೊತೆಯಲ್ಲೇ ಇಡಿ. ಹತ್ತಿಯ ದರ, ಹಾರಾಟ ತಡವಾದ ದೂರು, ಎಲ್ಲ ಅದರಲ್ಲಿರುತ್ತದೆ.

ಪೇಟೆಯಲ್ಲಿ ಸಿಗುವ ಮೆತ್ತನೆಯ ಪಿವಿಸಿ ಕವರಿನಲ್ಲಿ ಹಾಕಬೇಡಿ, ಬೇಸಿಗೆಯ ಸೆಕೆಗೆ ಅದು ಬೆವರಿ ಶಾಯಿಯನ್ನು ಎಳೆದುಕೊಳ್ಳುತ್ತದೆ. ಗಟ್ಟಿ ಪಾಲಿಯೆಸ್ಟರ್ ಹಾಳೆಯ ಕವರು ಆಗಬಹುದು. ಸೆಲ್ಲೋಟೇಪು ವಿಷ. ತಗಡಿನ ಟ್ರಂಕು ಅಟ್ಟದಲ್ಲಿಟ್ಟರೆ ಏಪ್ರಿಲ್‌ನಲ್ಲಿ ಒಲೆಯಾಗುತ್ತದೆ, ಆದ್ದರಿಂದ ಮರದ ಬೀರುವಿನ ನಡುಖಾನೆಯೇ ವಾಸಿ. ನುಸಿಗುಳಿಗೆ ಹಾಕುವುದಾದರೆ ಲಕೋಟೆಗೆ ತಾಗದಂತೆ ಮೂಲೆಯಲ್ಲಿಡಿ. ವರ್ಷಕ್ಕೆರಡು ಸಲ, ಮಳೆ ಶುರುವಾಗುವ ಮುನ್ನ ಮತ್ತು ದೀಪಾವಳಿ ಗುಡಿಸುವಾಗ, ಎಲ್ಲ ತೆಗೆದು ನೆರಳಲ್ಲಿ ಗಾಳಿಯಾಡಿಸಿ.

ಬೆಲೆ ಬಾಳುವುದೆಂದು ಅನುಮಾನ ಬಂದರೆ ಮಾರುವ ಮುನ್ನ ಬಲ್ಲವರಿಗೆ ತೋರಿಸಿ. ಕರ್ನಾಟಕದ ಅಂಚೆಚೀಟಿ ಪ್ರದರ್ಶನ ಕರ್ನಾಪೆಕ್ಸ್ ನಡೆಯುವಾಗ ಬೆಂಗಳೂರಿಗೆ ಹೋದರೆ ಅಂಚೆ ಇತಿಹಾಸದ ಚೌಕಟ್ಟುಗಳ ಮುಂದೆ ನಿಂತ ಹಿರಿಯರು ಸಿಗುತ್ತಾರೆ. ಅವರ ಕೈಗೆ ಲಕೋಟೆ ಕೊಡಿ. ಮೊದಲು ಹಿಂಬದಿ ತಿರುಗಿಸಿದರೆ, ಅವರ ಹತ್ತಿರ ಕೂತು ಮಾತಾಡಿ.